ವಿದ್ಯಾರ್ಥಿವೇತನ: ದಾನ, ಋಣ, ಸರದಿ

ಓದುವ ಮಕ್ಕಳಿಗೆ ಮನೆಯ ಹೊರಗಿನಿಂದ ಬರುವ ಹಣಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ವಿದ್ಯಾರ್ಥಿವೇತನ, ಶಿಷ್ಯವೇತನ, ಸಹಾಯಧನ, ಪ್ರೋತ್ಸಾಹಧನ, ವಿದ್ಯಾನಿಧಿ. ಊರಿನ ಬಾಯಲ್ಲಿ ಎಲ್ಲವೂ ಸ್ಕಾಲರ್‌ಶಿಪ್ಪೇ. ಆದರೆ ಹೆಸರು ಬದಲಾದಂತೆ ಕೊಡುವವರಿಗೂ ಪಡೆಯುವವರಿಗೂ ನಡುವಿನ ಸಂಬಂಧವೂ ಬದಲಾಗುತ್ತದೆ. ಸಹಾಯ ಎಂದಾಗ ಕೊಡುವ ಕೈ ಮೇಲಿರುತ್ತದೆ. ಪ್ರೋತ್ಸಾಹ ಎಂದಾಗ ಬೆನ್ನು ತಟ್ಟುವ ಹಿರಿಯರೊಬ್ಬರು ಹಿಂದೆ ನಿಂತಿರುತ್ತಾರೆ. ವೇತನ ಎಂದಾಗ ಎರಡೂ ಇಲ್ಲ. ವೇತನ ದುಡಿದವರಿಗೆ ಸಲ್ಲುವಂಥದ್ದು, ಅದನ್ನು ಪಡೆಯುವಾಗ ತಲೆ ತಗ್ಗಿಸಬೇಕಾಗಿಲ್ಲ. ಓದನ್ನೂ ಒಂದು ದುಡಿಮೆ ಎಂದು ಎಣಿಸಿ ಈ ಪದ ಬಳಕೆಗೆ ಬಂದಂತಿದೆ. ಹಾಗಿದ್ದರೂ ಅರ್ಜಿ ಹಿಡಿದು ಹೊರಟ ಹುಡುಗಿಗೆ ತಾನು ಬೇಡಲು ಹೊರಟಿದ್ದೇನೆ ಎನ್ನಿಸುವುದು ತಪ್ಪಿಲ್ಲ. ಈ ಹಣ ದಾನವೇ, ತೀರಿಸಬೇಕಾದ ಋಣವೇ, ಕೇಳಿ ಪಡೆಯಬೇಕಾದ ಹಕ್ಕೇ ಎಂಬುದು ಧರ್ಮಜಿಜ್ಞಾಸೆಯ ಬಹು ಹಳೆಯ ಪ್ರಶ್ನೆ.

ಪ್ರಶ್ನೆಯನ್ನು ಒಂದು ಊರಿನಲ್ಲಿಟ್ಟು ನೋಡಿದರೆ ಅದರ ತೂಕ ತಿಳಿಯುತ್ತದೆ. ಮೈಸೂರು ಜಿಲ್ಲೆಯ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುತ್ತಾಳೆ. ದಡದಲ್ಲಿ ಕೋದಂಡರಾಮನ ಗುಡಿ, ಸಂಕ್ರಾಂತಿಯ ಹೊತ್ತಿಗೆ ದನಗಳ ಜಾತ್ರೆ, ನಾಲೆಯ ಕೆಳಗೆ ಭತ್ತ ಮತ್ತು ಕಬ್ಬು. ಪಡುವಣಕ್ಕೆ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳು, ತೆಂಕಣಕ್ಕೆ ಎಚ್.ಡಿ. ಕೋಟೆಯ ಕಾಡು. ಈ ಸೀಮೆಯ ಒಂದು ಮನೆಯ ಮಗುವಿಗೆ ಸಿಗಬಹುದಾದ ಹಣ ಹಲವು ಕಡೆಯಿಂದ ಬರುತ್ತದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ 8ನೇ ತರಗತಿ ಓದುವಾಗ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ, ಪೋಷಕರ ಆದಾಯ 3.5 ಲಕ್ಷ ರೂಪಾಯಿ ಮೀರದಿದ್ದಲ್ಲಿ, 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ ಓದುವ ಹುಡುಗನಿಗೆ 2,500 ರೂಪಾಯಿಯಿಂದ ಹಿಡಿದು ವೈದ್ಯಕೀಯ, ಎಂಜಿನಿಯರಿಂಗ್ ಓದುವ ಹುಡುಗಿಗೆ 11,000 ರೂಪಾಯಿವರೆಗೆ ನಿಗದಿಯಾಗಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ ವಸತಿಗೆಂದು ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಸ್ನಾತಕೋತ್ತರ ಮುಗಿಸಿ ಎನ್‌ಇಟಿ ಪರೀಕ್ಷೆಯಲ್ಲಿ ಜೆಆರ್‌ಎಫ್ ದಕ್ಕಿಸಿಕೊಂಡವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಹೊರದೇಶಕ್ಕೆ ಹೊರಟ ಪರಿಶಿಷ್ಟ ಜಾತಿಯವರಿಗೂ ಅವರಂತೆ ಹಿಂದೆ ಉಳಿದ ಕೆಲವು ಸಮುದಾಯಗಳಿಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಈಗ ಅದರಲ್ಲಿ ವರ್ಷಕ್ಕೆ 125 ಸ್ಥಾನ. ಇವಲ್ಲದೆ ಕಾಮನ್‌ವೆಲ್ತ್, ಫುಲ್‌ಬ್ರೈಟ್, ಚೀವ್ನಿಂಗ್, ಜರ್ಮನಿಯ ಡಾಡ್, ಯುರೋಪಿನ ಎರಾಸ್ಮಸ್ ಮುಂಡುಸ್. ಪಟ್ಟಿ ಉದ್ದವಿದೆ. ಆದರೆ ಪಟ್ಟಿಯಲ್ಲಿರುವ ಹಣಕ್ಕೂ ಮನೆಯ ಪಾಸ್‌ಬುಕ್ಕಿಗೂ ನಡುವೆ ಹೋಬಳಿಯ ನಾಡಕಚೇರಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಆರ್‌ಡಿ ಸಂಖ್ಯೆ, ಬ್ಯಾಂಕಿಗೆ ಜೋಡಿಸಿದ ಆಧಾರ್, ರಾಜ್ಯದ ಎಸ್‌ಎಸ್‌ಪಿ ಅಥವಾ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್ ಇಷ್ಟೂ ನಿಂತಿರುತ್ತವೆ.

ಇದನ್ನು ದಾನ ಎಂದುಕೊಂಡು ನೋಡುವುದು ಮೊದಲ ದಾರಿ. ಅನ್ನದಾನಕ್ಕಿಂತ ವಿದ್ಯಾದಾನ ದೊಡ್ಡದು ಎಂಬ ಮಾತು ಕನ್ನಡದ ಮನೆಮನೆಯಲ್ಲಿದೆ. ಜೈನರು ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ಸೇರಿಸಿ ನಾಲ್ಕು ದಾನಗಳನ್ನು ಹೇಳಿದರು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆ ಆ ನಾಲ್ಕನೆಯ ದಾನದ ಕನ್ನಡದ ಹೆಸರು. ಭಗವದ್ಗೀತೆಯ 17ನೇ ಅಧ್ಯಾಯ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರು ಅಳತೆಗಳನ್ನಿಟ್ಟು, ಮರಳಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದೇ ಮೇಲು ಎನ್ನುತ್ತದೆ. ಇಂದಿನ ಅರ್ಜಿ ನಮೂನೆಯ ಕಾಲಂಗಳನ್ನು ಈ ಮೂರರ ಪಕ್ಕ ಇಟ್ಟರೆ ಬೆರಗಾಗುತ್ತದೆ. ವಾಸಸ್ಥಳ, ಕೊನೆಯ ದಿನಾಂಕ, ಅರ್ಹತೆ. ಆದರೆ ಪಾತ್ರ ಯಾರು ಎಂದು ತೀರ್ಮಾನಿಸುವ ಅಧಿಕಾರ ಇಲ್ಲಿ ಪೂರ್ತಿಯಾಗಿ ಕೊಡುವವನ ಕೈಯಲ್ಲಿರುತ್ತದೆ. ದಾನದ ಹಳೆಯ ಲೋಕ ಎಡವಿದ್ದು ಅಲ್ಲಿಯೇ.

ವಾರಾನ್ನದ ಪದ್ಧತಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು, ಮೈಸೂರಿನಂಥ ಊರುಗಳಲ್ಲಿ ಓದಿದವರು ಅನೇಕರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಅಂಥ ವಿದ್ಯಾರ್ಥಿ ಬದುಕಿನ ಹಸಿವನ್ನು ದಾಖಲಿಸಿದೆ. ಬ್ರಹ್ಮಚಾರಿಯ ಭಿಕ್ಷೆಯನ್ನು ಶಾಸ್ತ್ರಗಳು ಬೇಡಿಕೆ ಎಂದು ಕಂಡಿಲ್ಲ. ಭಿಕ್ಷೆಯಲ್ಲಿ ಉಂಡ ವಿದ್ಯಾರ್ಥಿ ಉಪವಾಸವಿದ್ದ ಹಾಗೆಯೇ ಎಂದು ಮನುಸ್ಮೃತಿ ಹೇಳುತ್ತದೆ. ಎಂದರೆ ಅವನು ಏನನ್ನೂ ಕೂಡಿಡಲಿಲ್ಲ, ಊಟ ಓದಿನಲ್ಲಿ ಕರಗಿಹೋಯಿತು. ಈ ನೋಟದಲ್ಲಿ ಕೇಳುವವನ ಮಾನ ಉಳಿಯುತ್ತದೆ, ಇದು ಸಣ್ಣ ಮಾತಲ್ಲ. ಆದರೆ ವಾರಾನ್ನದ ಮನೆಯ ಜಗಲಿಗೆ ಹೊಲೆಯರ ಕೇರಿಯ ಹುಡುಗ ಬರುವಂತಿರಲಿಲ್ಲ. ವಾರದ ಏಳು ಮನೆಗಳಲ್ಲಿ ಅವನಿಗೆ ಒಂದೂ ಇರಲಿಲ್ಲ. ಭಿಕ್ಷೆ ಕೇಳುವ ಗೌರವವೂ ಹುಟ್ಟಿನಿಂದ ಹಂಚಿಕೆಯಾಗಿದ್ದ ವ್ಯವಸ್ಥೆಯಲ್ಲಿ ದಾನ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡಲಾರದು.

ದಾನದ ವ್ಯಾಖ್ಯೆಯನ್ನೇ ಬಿಗಿಯಾಗಿ ಹಿಡಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಧರ್ಮಶಾಸ್ತ್ರದ ಪ್ರಕಾರ ದಾನವೆಂದರೆ ತನ್ನ ಒಡೆತನವನ್ನು ಬಿಟ್ಟುಕೊಟ್ಟು ಇನ್ನೊಬ್ಬರ ಒಡೆತನವನ್ನು ಉಂಟುಮಾಡುವುದು. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಜೈಮಿನಿಯ ಮೀಮಾಂಸಾಸೂತ್ರದಲ್ಲಿ ಇದರ ಮೇಲೆ ಸೊಗಸಾದ ಚರ್ಚೆಯಿದೆ. ವಿಶ್ವಜಿತ್ ಯಾಗದಲ್ಲಿ ಯಜಮಾನ ತನ್ನದೆಲ್ಲವನ್ನೂ ಕೊಟ್ಟುಬಿಡಬೇಕು. ಹಾಗಾದರೆ ರಾಜನಾದವನು ಭೂಮಿಯನ್ನೂ ಕೊಡಬೇಕೇ? ಕೊಡುವಂತಿಲ್ಲ, ಏಕೆಂದರೆ ಭೂಮಿ ಎಲ್ಲರಿಗೂ ಸಮಾನ, ರಾಜನ ಸ್ವಂತದ್ದಲ್ಲ ಎಂಬುದು ಅಲ್ಲಿನ ಉತ್ತರ. ಈ ಒಂದು ತರ್ಕವನ್ನು ಖಜಾನೆಗೆ ಅನ್ವಯಿಸಿದರೆ ಸಾಕು. ಎಸ್‌ಎಸ್‌ಪಿಯಿಂದ ಬರುವ ಹಣ ಮಂತ್ರಿಯದೂ ಅಲ್ಲ, ಅಧಿಕಾರಿಯದೂ ಅಲ್ಲ. ಸೋಪು ಕೊಳ್ಳುವಾಗಲೂ ತೆರಿಗೆ ಕಟ್ಟಿದ ಚುಂಚನಕಟ್ಟೆಯ ಕೂಲಿಯವಳದೂ ಅದರಲ್ಲಿದೆ. ಆದ್ದರಿಂದ ಸರ್ಕಾರದ ವಿದ್ಯಾರ್ಥಿವೇತನ ಶಾಸ್ತ್ರದ ಕಣ್ಣಿನಲ್ಲಿಯೂ ದಾನವಾಗಲಾರದು. ಚೆಕ್ಕು ಹಂಚುವ ವೇದಿಕೆಯ ಫೋಟೋ ಮರೆಸುವುದು ಈ ಸರಳ ಸಂಗತಿಯನ್ನೇ.

ಹಳೆಯ ಕರ್ನಾಟಕಕ್ಕೆ ಇದರ ಅರಿವು ಇಲ್ಲದಿರಲಿಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಸಾಲೋಟಗಿ ಶಾಸನದಲ್ಲಿ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿವರವಿದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಭೂಮಿಯ ಜೊತೆಗೆ ಊರಿನವರು ಮದುವೆ, ಮುಂಜಿಗಳಲ್ಲಿ ಇಂತಿಷ್ಟು ಎಂದು ಶಾಲೆಗೆ ಕೊಡಬೇಕೆಂಬ ಕಟ್ಟಳೆಯೂ ಇತ್ತು. ಒಬ್ಬ ದೊಡ್ಡವನ ಔದಾರ್ಯವಾಗಿ ಶುರುವಾದದ್ದು ಊರಿನ ಪಾಲಾಗಿ ಮುಂದುವರಿಯಿತು. ಅದಕ್ಕೂ ಮುಂಚೆ, ತಾಳಗುಂದದ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ ಕಥೆ ತಾಳಗುಂದ ಶಾಸನದಲ್ಲಿದೆ. ಪರದೇಶಕ್ಕೆ ಓದಲು ಹೊರಡುವುದು ಕನ್ನಡಿಗರಿಗೆ ನಿನ್ನೆ ಮೊನ್ನೆಯ ಸಂಗತಿಯಲ್ಲ.

ಎರಡನೆಯ ದಾರಿ ಋಣದ್ದು. ಮನುಷ್ಯ ಹುಟ್ಟುವಾಗಲೇ ದೇವಋಣ, ಪಿತೃಋಣ, ಋಷಿಋಣಗಳನ್ನು ಹೊತ್ತು ಬರುತ್ತಾನೆ ಎನ್ನುತ್ತದೆ ವೈದಿಕ ಪರಂಪರೆ. ಇದರಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ಒಂದು ಅಂಶವಿದೆ. ಋಷಿಋಣ ತೀರುವುದು ಅಧ್ಯಯನದಿಂದ. ಓದು ಸಾಲವನ್ನು ತರುವುದಿಲ್ಲ, ಇರುವ ಸಾಲವನ್ನು ತೀರಿಸುತ್ತದೆ. ಹಿಂದಿನವರು ಕಂಡದ್ದನ್ನು ಕಲಿತು ಮುಂದಿನವರಿಗೆ ದಾಟಿಸಿದರೆ ಲೆಕ್ಕ ಚುಕ್ತಾ. ಹಾಗಾದರೆ ಓದಲು ನೆರವಾದವರು ಒಬ್ಬ ಸಾಲಗಾರನ ಸಾಲ ತೀರಿಕೆಗೆ ಕೈಜೋಡಿಸಿದವರಾಗುತ್ತಾರೆ. ಅವನಿಗೆ ಹೊಸ ಸಾಲ ಕೊಟ್ಟವರಲ್ಲ.

ಲೋಕದಲ್ಲಿ ಮಾತ್ರ ವಿದ್ಯೆಗೆ ಕೊಟ್ಟ ಹಣ ಬಾಂಡಿನ ರೂಪ ತಾಳುತ್ತದೆ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಹಿಂದಿರುಗಿದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ಅವರು ಬರೋಡಾಕ್ಕೆ ಬಂದರು. ಅಸ್ಪೃಶ್ಯನೆಂದು ತಿಳಿದಾಗ ತಂಗಲು ಒಂದು ಕೋಣೆಯೂ ಉಳಿಯಲಿಲ್ಲ, ಕೆಲವೇ ದಿನಗಳಲ್ಲಿ ಊರು ಬಿಡಬೇಕಾಯಿತು. ಕರಾರು ಮುರಿದವರು ಯಾರು? ಸಾಲ ಕೊಟ್ಟ ಸಮಾಜವೇ ತೀರಿಕೆಯ ದಾರಿ ಮುಚ್ಚಿದ ಮೇಲೆ ಸಾಲಗಾರನ ಮೇಲೆ ದೋಷ ಹೊರಿಸಲಾಗದು. ಅಂಬೇಡ್ಕರರು ತೀರಿಸಿದ್ದು ಬೇರೆ ದಾರಿಯಲ್ಲಿ. ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದಾಗ 1942ರಲ್ಲಿ ಅವರು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣಕ್ಕೂ ವಿದೇಶದ ಓದಿಗೂ ಹಣ ಕೇಳಿ ಮನವಿ ಬರೆದರು. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಇಂದು ಕೆ.ಆರ್. ನಗರದ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕಾಣುವ ಪ್ರಕಟಣೆಯ ಬೇರು ಅಲ್ಲಿದೆ.

ಮೈಸೂರಿನ ಸ್ವಂತ ಉದಾಹರಣೆಯೂ ಚುಂಚನಕಟ್ಟೆಗೆ ಹತ್ತಿರದ್ದೇ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಓದು ಮುಗಿಸಿ 1884ರಲ್ಲಿ ಸೇರಿದ್ದು ಮುಂಬಯಿ ಸರ್ಕಾರವನ್ನು. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಕಾಲು ಶತಮಾನ ಮೈಸೂರಿನ ಹಣ ಮುಂಬಯಿಯ ಕೆಲಸಕ್ಕೆ ಸಂದಿತ್ತು. ಆಮೇಲೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಚುಂಚನಕಟ್ಟೆಯಲ್ಲಿ ಧುಮುಕಿದ ಕಾವೇರಿ ಅದೇ ಕಟ್ಟೆಯ ಹಿನ್ನೀರಿಗೆ ಸೇರುತ್ತಾಳೆ. ಓದಿಸಿದ ಹಣ ಯಾವಾಗ, ಯಾವ ರೂಪದಲ್ಲಿ ಮರಳುತ್ತದೆ ಎಂದು ಬಾಂಡು ಬರೆಯುವ ಗುಮಾಸ್ತ ಊಹಿಸಲಾರ. ಋಣದ ಮಾತು ಬಂದಾಗ ಜೆ.ಎನ್. ಟಾಟಾ ದತ್ತಿಯನ್ನೂ ನೆನೆಯಬೇಕು. 1892ರಿಂದ ಅದು ಕೊಡುತ್ತಿರುವುದು ಸಾಲರೂಪದ ವಿದ್ಯಾರ್ಥಿವೇತನ. ತೀರಿಸಿದ ಹಣ ಮುಂದಿನವರಿಗೆ ಹೋಗುತ್ತದೆ. ಸಾಲವನ್ನು ಸಾಲವೆಂದೇ ಕರೆಯುವ ಈ ಪ್ರಾಮಾಣಿಕತೆಗೆ ತನ್ನದೇ ಘನತೆಯಿದೆ.

ಮೂರನೆಯ ದಾರಿ ಹಕ್ಕಿನದು. ಆ ಮಾತು ಮೈಸೂರಿನಲ್ಲಿ ರಾಜಾಜ್ಞೆಯಿಂದಲೇ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಉದ್ಯೋಗದ ಜೊತೆ ವಿದ್ಯಾರ್ಥಿವೇತನಗಳನ್ನೂ ಸೂಚಿಸಿತು. ಉದ್ಯೋಗದಲ್ಲಿ ಪಾಲಿನ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಪದವಿ ಬಿಟ್ಟರು. ಯೋಗ್ಯತೆ ಕುಗ್ಗೀತು ಎಂಬುದು ಅವರ ಆತಂಕ. ಆದರೆ ಯೋಗ್ಯತೆ ಬೆಳೆಯುವುದಕ್ಕೆ ಮೊದಲು ಯಾರಾದರೂ ಓದಿಸಬೇಕು ಎಂಬುದಕ್ಕೆ ಅವರ ಬಾಳೇ ಸಾಕ್ಷಿಯಾಗಿತ್ತು. ಅರ್ಧ ಶತಮಾನದ ಬಳಿಕ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗವನ್ನು ನೇಮಿಸಿದರು, 1975ರಲ್ಲಿ ಅದರ ವರದಿ ಬಂತು. ಹಕ್ಕು ಕಾಗದದಲ್ಲಿ ಬಂದರೂ ನಾಲಿಗೆಯಲ್ಲಿ ಬರುವುದು ತಡ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟದ್ದು, ಸರ್ಕಾರಿ ಸೌಲಭ್ಯ ಪಡೆದ ದಲಿತ ವಿದ್ಯಾರ್ಥಿಗಳನ್ನು ಚುಚ್ಚಲು ಬಳಸುತ್ತಿದ್ದ ಮಾತನ್ನೇ ಎತ್ತಿಕೊಂಡು.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಕಬಿನಿ ಜಲಾಶಯಕ್ಕೂ ನಾಗರಹೊಳೆಯ ರಕ್ಷಿತ ಕಾಡಿಗೂ ನೆಲ ಬಿಟ್ಟುಕೊಟ್ಟವರಲ್ಲಿ ಆದಿವಾಸಿಗಳು ಮೊದಲಿಗರು. ಜೇನುಕುರುಬರು ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ವಿಶೇಷ ದುರ್ಬಲ ಬುಡಕಟ್ಟು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಅವರು ಮತ್ತು ಕೊರಗರು ಮಾತ್ರ. ಪರಿಶಿಷ್ಟ ಪಂಗಡದವರ ಸಾಗರೋತ್ತರ ವಿದ್ಯಾರ್ಥಿವೇತನದ 20 ಸ್ಥಾನಗಳಲ್ಲಿ 3 ಇಂಥ ಬುಡಕಟ್ಟುಗಳಿಗೆ ಮೀಸಲು. ಕಾಡನ್ನು ಕಳೆದುಕೊಂಡ ಮನೆಯ ಮಗುವಿಗೆ ಸಲ್ಲುವ ಹಣವನ್ನು ಉಪಕಾರ ಎನ್ನುವುದು ಭಾಷೆಗೇ ಅನ್ಯಾಯ. ಚುಂಚನಕಟ್ಟೆಯ ಸ್ಥಳಪುರಾಣ ಇಲ್ಲಿ ನೆನಪಾಗದೆ ಇರದು. ವನವಾಸದಲ್ಲಿ ಅಲೆಯುತ್ತ ಬಂದ ರಾಮ, ಸೀತೆ, ಲಕ್ಷ್ಮಣರಿಗೆ ನೆಲೆ ಕೊಟ್ಟವರು ಚುಂಚ ಮತ್ತು ಚುಂಚಿ ಎಂಬ ಕಾಡಿನ ದಂಪತಿ, ಊರಿನ ಹೆಸರು ಅವರದು. ಆ ಕಥೆಯಲ್ಲಿ ಕೊಟ್ಟವರು ಕಾಡಿನವರು, ಪಡೆದವನು ಅಯೋಧ್ಯೆಯ ರಾಜಕುಮಾರ.

ಹಾಗೆಂದು ಹಕ್ಕು ಎಂದರೆ ಎಲ್ಲವೂ ಮುಗಿಯುವುದಿಲ್ಲ. ಹಕ್ಕು ನನ್ನದು ಎನ್ನುವಲ್ಲಿಗೆ ನಿಲ್ಲುತ್ತದೆ, ಮುಂದಿನವರ ಮಾತು ಅದರಲ್ಲಿ ಬರುವುದಿಲ್ಲ. ನಾಲೆಯ ಕೆಳಗೆ ಬೇಸಾಯ ಮಾಡುವ ಸೀಮೆಗೆ ಇದಕ್ಕಿಂತ ಹೊಂದುವ ಮಾತೊಂದು ಗೊತ್ತು: ಸರದಿ. ನೀರು ತೂಬಿನ ಬಳಿಯ ಗದ್ದೆಯವನ ದಾನವಲ್ಲ, ಕೊನೆಯ ಗದ್ದೆಯವನು ಹೊತ್ತ ಸಾಲವೂ ಅಲ್ಲ. ಅವನ ಸರದಿ ಬಂದಾಗ ನೀರು ಅವನದು, ಗದ್ದೆ ತುಂಬಿದ ಮೇಲೆ ಮಡೆ ಮುಚ್ಚಿ ಮುಂದಕ್ಕೆ ಬಿಡುವುದೂ ಅವನದೇ ಕೆಲಸ. ಶರಣರು ದಾನ ಎನ್ನದೆ ದಾಸೋಹ ಎಂದಾಗ ಕೊಡುವವನ ‘ನಾನು’ ಎಂಬುದನ್ನು ತೆಗೆದುಹಾಕಿದರು. ಸರದಿ ಪಡೆಯುವವನ ಕೀಳರಿಮೆಯನ್ನೂ ತೆಗೆದುಹಾಕುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ಹೊತ್ತಿಗೆ ಮೈಸೂರು ರಾಜ್ಯ ಕೊಟ್ಟ ನೆಲದಲ್ಲಿ ನೆಲೆಸಿದ ಟಿಬೆಟನ್ನರ ಮಠಗಳಲ್ಲಿ ದೂರದೂರದ ಭಕ್ತರ ನೆರವಿನಿಂದ ಸಾವಿರಾರು ಭಿಕ್ಷುಗಳು ಓದುತ್ತಾರೆ. ಬಂದ ಪುಣ್ಯವನ್ನು ಸಕಲ ಜೀವಿಗಳಿಗೂ ಸಮರ್ಪಿಸುವುದು ಅವರ ನಿತ್ಯದ ಕ್ರಮ. ಅಲ್ಲಿಯೂ ಪಡೆದದ್ದು ಒಬ್ಬರಲ್ಲಿ ನಿಲ್ಲುವುದಿಲ್ಲ.

ಸರದಿ ಎಂದು ಒಪ್ಪಿದರೆ ಕರ್ತವ್ಯಗಳೂ ತಾವಾಗಿ ಹೊರಡುತ್ತವೆ. ಮೊದಲನೆಯದು ಸುದ್ದಿ. ಕೆರೆ ನಾಲೆಗಳ ಊರಿನಲ್ಲಿ ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ವಿದ್ಯಾರ್ಥಿವೇತನಕ್ಕೆ ನೀರಗಂಟಿ ಇಲ್ಲ. ಮೈಸೂರಿನ ಕೋಚಿಂಗ್ ಕೇಂದ್ರದ ಹುಡುಗನಿಗೆ ಗೊತ್ತಿರುವ ಕೊನೆಯ ದಿನಾಂಕ ಸರಗೂರಿನ ಕಡೆಯ ಹಾಡಿಗೆ ತಲುಪುವಷ್ಟರಲ್ಲಿ ಪೋರ್ಟಲ್ ಮುಚ್ಚಿರುತ್ತದೆ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೂ ವರ್ಷದ ಹಣ ನಿಲ್ಲಬಹುದು. ಶಾಲೆಯ ಒಬ್ಬ ಮೇಷ್ಟ್ರು, ಗ್ರಂಥಾಲಯದ ಒಬ್ಬ ಮೇಲ್ವಿಚಾರಕಿ, ಒಮ್ಮೆ ಪಡೆದು ಓದಿದ ಒಬ್ಬ ಅಕ್ಕ ಈ ಕೆಲಸ ಹೊತ್ತರೆ ಅದೇ ಇಂದಿನ ವಿದ್ಯಾದಾನ. ಏಕೆಂದರೆ ಕೊಟ್ಟರೂ ಕೊಟ್ಟವರಲ್ಲಿ ಕಡಿಮೆಯಾಗದ ಸಂಪತ್ತು ಸುದ್ದಿಯೇ. ಎರಡನೆಯದು ಸತ್ಯ. ಸುಳ್ಳು ಆದಾಯ ಪ್ರಮಾಣಪತ್ರ ತರುವುದು ರಾತ್ರಿ ನಾಲೆ ಒಡೆದು ನೀರು ತಿರುಗಿಸಿಕೊಂಡಂತೆ. ನಷ್ಟವಾಗುವುದು ಸರ್ಕಾರಕ್ಕಲ್ಲ, ಮುಖ ಕಾಣದ ಕೊನೆಯ ಗದ್ದೆಯವನಿಗೆ.

ಕೇಳುವ ಬಗೆಯಲ್ಲೂ ಒಂದು ಧರ್ಮಸೂಕ್ಷ್ಮವಿದೆ. ವಿದೇಶದ ಅರ್ಜಿಗಳು ಉದ್ದೇಶಪತ್ರ ಕೇಳುತ್ತವೆ, ಅಲ್ಲಿ ತನ್ನ ಬಗ್ಗೆ ತಾನೇ ಬರೆಯಬೇಕು. ಮಹಾಭಾರತದ ಕರ್ಣಪರ್ವದಲ್ಲಿ ಆತ್ಮಪ್ರಶಂಸೆಯೇ ಆತ್ಮಹತ್ಯೆಗೆ ಸಮ ಎಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಆ ಸಂಸ್ಕಾರದಲ್ಲಿ ಬೆಳೆದ ಹಳ್ಳಿಯ ವಿದ್ಯಾರ್ಥಿಗಳು ಒಂದೋ ಏನೂ ಹೇಳದೆ ಸೋಲುತ್ತಾರೆ, ಇಲ್ಲವೇ ಯಾರೋ ಬರೆದ ಬಣ್ಣದ ಮಾತನ್ನು ನಕಲು ಮಾಡುತ್ತಾರೆ. ಎರಡರ ನಡುವೆ ದಾರಿಯಿದೆ. ತನ್ನನ್ನು ಹೊಗಳಿಕೊಳ್ಳದೆ ಕೆಲಸವನ್ನು ವರ್ಣಿಸುವುದು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಸೌದೆ ಎಷ್ಟು ಉರಿಯುತ್ತದೆ ಎಂದು ಮೂರು ಹಂಗಾಮು ಲೆಕ್ಕ ಬರೆದಿಟ್ಟ ಹುಡುಗಿ ಆ ಲೆಕ್ಕವನ್ನೂ, ಅದರಿಂದ ಹುಟ್ಟಿದ ಪ್ರಶ್ನೆಯನ್ನೂ ಬರೆದರೆ ಸಾಕು. ಅದು ಪ್ರಶಂಸೆಯಲ್ಲ, ಸಾಕ್ಷ್ಯ.

ಕೊಡುವವರ ಹಣದ ಮೂಲ ಮತ್ತು ಷರತ್ತು ಬೇರೆಯೇ ಪ್ರಶ್ನೆ. ರೋಡ್ಸ್ ವಿದ್ಯಾರ್ಥಿವೇತನದ ಹಿಂದಿರುವ ಸೆಸಿಲ್ ರೋಡ್ಸ್ ಸಂಪತ್ತು ದಕ್ಷಿಣ ಆಫ್ರಿಕದ ವಜ್ರದ ಗಣಿಗಳದು, ವಸಾಹತುಶಾಹಿ ದೋಚಿದ್ದು. ಅದೇ ಹಣದಲ್ಲಿ 1960ರಲ್ಲಿ ಧಾರವಾಡದಿಂದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೋದರು. ಕಾಯಕದ ಶುದ್ಧಿಯನ್ನು ಕೇಳಿದ ಶರಣರ ಅಳತೆಯಲ್ಲಿ ಇಂಥ ಹಣ ಸಲ್ಲದು. ಆದರೆ ದೋಚಿದ್ದು ದೋಚಿಸಿಕೊಂಡವರ ಮಕ್ಕಳಿಗೆ ಮರಳುವುದು ತಪ್ಪಲ್ಲ, ಅದು ಮೂಲವನ್ನು ಮರೆಸದಿದ್ದರೆ ಸಾಕು ಎಂಬ ವಾದಕ್ಕೆ ಬಲ ಹೆಚ್ಚು. ಏನು ಓದಬೇಕು ಎಂದು ಕೊಡುವವರು ಗೆರೆ ಎಳೆದಾಗ ಇನ್ನೂ ಎಚ್ಚರ ಬೇಕು. 2022ರಲ್ಲಿ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ಬದಲಾಗಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜವನ್ನು ಕುರಿತ ವಿಷಯಗಳನ್ನು ಹೊರಗಿಡಲಾಯಿತು. ಜಾತಿಯ ನೋವನ್ನು ಉಂಡವರಿಗೆ ಆ ಸಮಾಜವನ್ನು ಹೊರಗೆ ನಿಂತು ಅಭ್ಯಾಸ ಮಾಡಲು ಇದ್ದ ಬಾಗಿಲು ಅದು. ಸರದಿಯ ನೀರಿನಲ್ಲಿ ಯಾವ ಬೆಳೆ ಇಡಬೇಕೆಂಬುದು ಬೆಳೆಯುವವರ ತೀರ್ಮಾನವಾಗಿ ಉಳಿಯಬೇಕು.

ಕೊನೆಯದು ಮರಳುವ ಪ್ರಶ್ನೆ. ಫುಲ್‌ಬ್ರೈಟ್, ಚೀವ್ನಿಂಗ್‌ಗಳು ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂದು ಷರತ್ತು ಹಾಕುತ್ತವೆ. ಮನೆಯವರ ಷರತ್ತು ಬರಹದಲ್ಲಿರುವುದಿಲ್ಲ, ಹಿಡಿತ ಮಾತ್ರ ಅದಕ್ಕಿಂತ ಬಿಗಿ. ಕಾರ್ನಾಡರು ಪರದೇಶಕ್ಕೆ ಹೊರಡುವ ತಯಾರಿಯಲ್ಲಿದ್ದಾಗ ಹುಟ್ಟಿದ ನಾಟಕ ‘ಯಯಾತಿ’. ಮಗನ ಯೌವನವನ್ನು ಕೇಳುವ ತಂದೆಯ ಆ ಕಥೆಯಲ್ಲಿ ಆಗ ಮನೆಯವರಿಂದ ತಮ್ಮ ಮೇಲಿದ್ದ ಒತ್ತಡವಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಪಿತೃಋಣ, ಋಷಿಋಣ ಎರಡೂ ಒಂದೇ ಬಾಗಿಲಲ್ಲಿ ನಿಂತು ಕೇಳಿದಾಗ ಯಾವುದನ್ನು ಮೊದಲು ತೀರಿಸಬೇಕೆಂಬುದು ಸುಲಭದ ತೀರ್ಮಾನವಲ್ಲ. ಟಿ.ಪಿ. ಕೈಲಾಸಂ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋಗಿ ಓದಿದ್ದು ಭೂವಿಜ್ಞಾನ. ಮೈಸೂರಿಗೆ ಕೊಟ್ಟದ್ದು ‘ಟೊಳ್ಳುಗಟ್ಟಿ’ಯಂಥ ನಾಟಕಗಳನ್ನು. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಅಲ್ಲಿಂದ ಡಾಕ್ಟರೇಟ್ ಪಡೆದು, ಮೈಸೂರಿಗೆ ಮರಳಿ ಪಾಠ ಹೇಳಿದರು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಅಮೆರಿಕಕ್ಕೆ ಹೋದವರು ಷಿಕಾಗೋದಲ್ಲಿಯೇ ನೆಲೆಯಾದರು. ಬಾಂಡಿನ ಲೆಕ್ಕದಲ್ಲಿ ಒಬ್ಬರು ಮರಳಿದವರು, ಇನ್ನೊಬ್ಬರು ಮರಳದವರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು ಬರೆದ ಕನ್ನಡ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಲೋಕದ ಓದುಗರ ಕೈಗಿಟ್ಟವರು ಷಿಕಾಗೋದ ರಾಮಾನುಜನ್.